ನಿಂತ ಜಾಗ ಬದಲಿಸಿ, ಫ್ರೇಮಿನ ಅಂಚು ನೋಡಿ

ಪ್ರಶ್ನೆ: ಮೇಡಂ, ಫೋಟೋಗ್ರಫಿ ಕೋರ್ಸ್‌ಗೆ ಸೇರಿ ಕೆಲವು ತಿಂಗಳಾಯಿತು. ನನ್ನದು ಶುರುವಿನ ಮಟ್ಟದ ಡಿಎಸ್‌ಎಲ್‌ಆರ್, ಜೊತೆಗೆ ಬಂದ 18-55 ಲೆನ್ಸ್. ಎಕ್ಸ್‌ಪೋಷರ್, ಫೋಕಸ್ ತಕ್ಕಮಟ್ಟಿಗೆ ಬಂದಿದೆ. ಆದರೆ ದೇವರಾಜ ಮಾರುಕಟ್ಟೆಯಲ್ಲಿ ಎಷ್ಟು ತೆಗೆದರೂ ಎಲ್ಲ ಗಿಜಿಗಿಜಿ. ಫ್ರೇಮನ್ನು ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಮೂರು ಮೂರು ಪಾಲು ಮಾಡುವ ರೂಲ್ ಆಫ್ ಥರ್ಡ್ಸ್ ಪಾಲಿಸಿದರೂ ಮೇಷ್ಟ್ರು ‘ಕಂಪೋಸಿಷನ್ (ಫ್ರೇಮಿನೊಳಗಿನ ಜೋಡಣೆ) ಇಲ್ಲ’ ಅನ್ನುತ್ತಾರೆ. ಅಭ್ಯಾಸ ಮಾಡುವುದು ಹೇಗೆ? ಆಮೇಲೆ ಕ್ರಾಪ್ ಮಾಡಿ, ಅಂದರೆ ಅಂಚು ಕತ್ತರಿಸಿ, ಸರಿಮಾಡಬಹುದಾ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಮಾರುಕಟ್ಟೆಗೇ ಹೋಗಿ, ಆದರೆ ಪೂರ್ತಿ ಸುತ್ತಬೇಡಿ. ಒಂದೇ ಅಂಗಡಿ ಆರಿಸಿಕೊಳ್ಳಿ. ಕುಂಕುಮ, ಬಣ್ಣದ ಪುಡಿಗಳ ರಾಶಿ ಇಟ್ಟಿರುತ್ತಾರಲ್ಲ, ಅದೇ ಇರಲಿ. ಅಂಗಡಿಯವರನ್ನು ಮಾತಾಡಿಸಿ, ಒಪ್ಪಿಗೆ ಕೇಳಿ, ಗಿರಾಕಿಗಳಿಗೆ ಅಡ್ಡ ಆಗದಂತೆ ಅರ್ಧ ಗಂಟೆ ಅಲ್ಲೇ ಇರಿ.

ಲೆನ್ಸನ್ನು 35 ಎಂಎಂಗೆ ಇಟ್ಟು ಜೂಮ್ ರಿಂಗ್‌ಗೆ ಟೇಪ್ ಹಚ್ಚಿಬಿಡಿ. ನಿಮ್ಮದರಂಥ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ ಅದು ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ನ 50 ಎಂಎಂಗೆ ಹತ್ತಿರದ ನೋಟ ಕೊಡುತ್ತದೆ. ಇಷ್ಟು ಹಟ ಯಾಕೆ ಅಂದರೆ, ನಿಂತಲ್ಲೇ ಜೂಮ್ ಮಾಡಿದರೆ ಅದೇ ದೃಶ್ಯ ಸುತ್ತಲೂ ಕತ್ತರಿಸಿ ಬರುತ್ತದೆ, ಅಷ್ಟೇ. ಅಂಗಡಿಯವರ ತಲೆಯ ಹಿಂದಿನ ಬಲ್ಬ್ ತಲೆಯ ಹಿಂದೆಯೇ ಇರುತ್ತದೆ. ನೀವು ಒಂದು ಹೆಜ್ಜೆ ಎಡಕ್ಕೆ ಸರಿಯಿರಿ, ಬಲ್ಬ್ ತಲೆಯಿಂದ ಬಿಡಿಸಿಕೊಳ್ಳುತ್ತದೆ. ಮಂಡಿಯೂರಿ ಕುಳಿತರೆ ಪುಡಿಯ ರಾಶಿ ಎತ್ತರವಾಗಿ, ಹಿಂದಿನ ಜನರನ್ನು ಮರೆಮಾಡಬಹುದು. ಎರಡು ಹೆಜ್ಜೆ ಹತ್ತಿರ ಹೋದರೆ ರಾಶಿ ದೊಡ್ಡದಾಗುತ್ತದೆ, ಹಿಂದಿನ ಅಂಗಡಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಸಂಬಂಧ ಬದಲಾಗುವುದು ಹೀಗೆ ಜಾಗ ಬದಲಿಸಿದಾಗಲೇ. ನನ್ನ ಮಟ್ಟಿಗೆ ಕಂಪೋಸಿಷನ್‌ನ ಮುಕ್ಕಾಲು ಪಾಲು ಇಲ್ಲೇ ಇದೆ.

ಕ್ಲಿಕ್ ಮಾಡುವ ಮೊದಲು ಫ್ರೇಮಿನ ನಾಲ್ಕೂ ಅಂಚಿನ ಮೇಲೆ ಕಣ್ಣಾಡಿಸಿ. ಯಾರದೋ ಅರ್ಧ ಕೈ, ನೀಲಿ ಟಾರ್ಪಾಲಿನ ತುದಿ, ಬಿಳಿ ಪ್ಲಾಸ್ಟಿಕ್ ಕವರ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ. ಕಣ್ಣು ಮೊದಲು ಬೆಳ್ಳಗಿರುವ ಕಡೆಗೆ ಹೋಗುತ್ತದೆ. ಹಾಗಾಗಿ ಮೂಲೆಯ ಒಂದು ಕವರ್ ಇಡೀ ಫೋಟೋ ಹಾಳುಮಾಡಬಲ್ಲದು. ಇನ್ನೊಂದು ವಿಷಯ. ನಿಮ್ಮ ಕ್ಯಾಮೆರಾ ವರ್ಗದ ವ್ಯೂಫೈಂಡರ್‌ಗಳು ಸಾಮಾನ್ಯವಾಗಿ ಫ್ರೇಮಿನ ಸುಮಾರು 95% ಮಾತ್ರ ತೋರಿಸುತ್ತವೆ. ನಿಮಗೆ ಕಾಣದ ಕಸ ಫೋಟೋದಲ್ಲಿ ಬಂದಿರುವುದಕ್ಕೆ ಇದೂ ಒಂದು ಕಾರಣ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಒಮ್ಮೆ ನೋಡಿಕೊಳ್ಳಿ.

ಕುಂಕುಮದ ಬಣ್ಣ ಎಷ್ಟು ಜೋರು ಅಂದರೆ, ಆಕಾರ ಕೆಟ್ಟಿರುವುದೇ ಗೊತ್ತಾಗುವುದಿಲ್ಲ. ರಾ ಫೈಲ್‌ನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯುತ್ತಾ ಕ್ಯಾಮೆರಾದ ಪಿಕ್ಚರ್ ಸ್ಟೈಲ್ ಸೆಟ್ಟಿಂಗನ್ನು ಮಾನೋಕ್ರೋಮ್‌ಗೆ ಇಡಿ. ಪರದೆಯಲ್ಲಿ ಕಪ್ಪು ಬಿಳುಪು ಕಾಣುತ್ತದೆ, ಫೈಲ್‌ನಲ್ಲಿ ಬಣ್ಣ ಹಾಗೇ ಇರುತ್ತದೆ. ಮನೆಗೆ ಬಂದ ಮೇಲೆ ಫೋಟೋ ತಲೆಕೆಳಗೆ ಮಾಡಿಯೂ ನೋಡಿ. ಮುಖ, ಅಂಗಡಿ ಅನ್ನುವುದು ಮರೆತು ಬರೀ ಕಪ್ಪು ಬಿಳುಪಿನ ತೂಕ ಕಾಣುತ್ತದೆ.

ರೂಲ್ ಆಫ್ ಥರ್ಡ್ಸ್ ಬಗ್ಗೆ ಹೇಳಲೇಬೇಕು. ಈ ಹೆಸರನ್ನು 1797ರಷ್ಟು ಹಿಂದೆಯೇ ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ಬಳಸಿದ್ದರು. ಅವರು ಮಾತಾಡಿದ್ದು ಚಿತ್ರದಲ್ಲಿ ನೆಲ, ಆಕಾಶ, ಬೆಳಕು, ನೆರಳಿಗೆ ಎಷ್ಟೆಷ್ಟು ಪಾಲು ಕೊಡಬೇಕು ಅನ್ನುವುದರ ಬಗ್ಗೆ. ನಾವು ಮಾತ್ರ ಗೆರೆ ಕೂಡುವ ಜಾಗದಲ್ಲಿ ಕಣ್ಣನ್ನೋ ಹೂವನ್ನೋ ಇಟ್ಟು ಮುಗಿಯಿತು ಅಂದುಕೊಳ್ಳುತ್ತೇವೆ. ನೀವು ಪಾಲು ನೋಡಿ. ಕತ್ತಲೆ ಎಷ್ಟು, ಬೆಳಕು ಎಷ್ಟು, ಯಾವುದು ಜಾಸ್ತಿ ಇರಬೇಕು? ಅರ್ಧ ಅರ್ಧ ಇದ್ದಾಗ ಕಣ್ಣಿಗೆ ದಾರಿ ತಪ್ಪುವುದು ಹೆಚ್ಚು.

ಕ್ರಾಪ್ ಮಾಡುವುದು ತಪ್ಪೇನಲ್ಲ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ಟಿಯೇ ಬ್ರೆಸಾನ್ ಕ್ರಾಪ್ ಮಾಡದವರೆಂದೇ ಹೆಸರಾದವರು. ಆದರೂ 1932ರಲ್ಲಿ ಪ್ಯಾರಿಸ್‌ನ ಸಾನ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ, ನೀರಿನ ಮೇಲೆ ನೆಗೆಯುವ ಮನುಷ್ಯನ ಪ್ರಸಿದ್ಧ ಫೋಟೋದಲ್ಲಿ ಅವರು ಎಡಗಡೆ ಕತ್ತರಿಸಬೇಕಾಯಿತು. ಬೇಲಿಯ ಸಂದಿಯಿಂದ ತೆಗೆದಿದ್ದರಿಂದ ಹಲಗೆ ಅಡ್ಡ ಬಂದಿತ್ತು. ಅಂಥ ಕಾರಣ ಇದ್ದರೆ, ಅಥವಾ ಆ 95%ರ ಆಚೆಯದು ಬಂದಿದ್ದರೆ ಧಾರಾಳವಾಗಿ ಕತ್ತರಿಸಿ. ಆದರೆ ಮೇಷ್ಟ್ರಿಗೆ ತೋರಿಸುವಾಗ ಕತ್ತರಿಸದ ಫೋಟೋವನ್ನೂ ಪಕ್ಕದಲ್ಲಿಡಿ. ನೀವು ಏನನ್ನು ಬಿಟ್ಟಿರಿ ಅಂತ ಕಂಡರೆ, ಮುಂದಿನ ಸಲ ಎಲ್ಲಿ ನಿಲ್ಲಬೇಕಿತ್ತು ಅಂತ ಅವರು ಹೇಳುವುದು ಸುಲಭ.