ಭುಜದ ಟೆಂಡನ್ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ನೋ, ಪಿಆರ್‌ಪಿಯೋ, ಸೂಜಿ ಚಿಕಿತ್ಸೆಯೋ?

ನಾಲ್ಕು ತಿಂಗಳಿಂದ ಕೈ ಮೇಲೆತ್ತಿದರೆ ನೋವು, ಸ್ಕ್ಯಾನ್ ವರದಿಯಲ್ಲಿ 'ಸುಪ್ರಾಸ್ಪೈನೇಟಸ್ ಟೆಂಡಿನೋಸಿಸ್' (ಭುಜದ ಮೇಲ್ಭಾಗದ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು, ಹಾಳಾಗಿರುವುದು), ಒಬ್ಬ ವೈದ್ಯರು ಸ್ಟೀರಾಯ್ಡ್ ಅಂದರೆ ಇನ್ನೊಬ್ಬರು ಪಿಆರ್‌ಪಿ (ನಿಮ್ಮದೇ ರಕ್ತದಿಂದ ತಯಾರಿಸಿದ ಇಂಜೆಕ್ಷನ್) ಅಂತಾರೆ, ಫಿಸಿಯೋ ಸೂಜಿ ಅಂತಾರೆ, ಆಪರೇಷನ್ ಬೇಡ, ಏನು ಮಾಡಲಿ ಎಂದು ಕೇಳಿದ್ದೀರಿ. ಯಾವ ಔಷಧ ಅನ್ನುವುದಕ್ಕಿಂತ ಮೊದಲು ಸೂಜಿಯ ಮೊನೆ ಎಲ್ಲಿಗೆ ಹೋಗಬೇಕು ಎಂಬುದು ತೀರ್ಮಾನವಾಗಬೇಕು. ಟೆಂಡನ್ನಿನ ಮೇಲಿರುವ ಬರ್ಸಾ ಎಂಬ ತೆಳು ಚೀಲಕ್ಕೋ, ಟೆಂಡನ್ನಿನ ಒಳಕ್ಕೋ, ಅದರಲ್ಲಿ ಕೂತ ಕ್ಯಾಲ್ಸಿಯಂಗೋ? ಮೂರಕ್ಕೂ ಚಿಕಿತ್ಸೆ ಬೇರೆ.

ಸ್ಟೀರಾಯ್ಡ್ ಹೋಗಬೇಕಾದದ್ದು ಬರ್ಸಾಕ್ಕೆ. ಸಾಮಾನ್ಯವಾಗಿ ಟ್ರಯಾಮ್ಸಿನೋಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ, ಜೊತೆಗೆ ಮರಗಟ್ಟಿಸುವ ಔಷಧವಾದ 1% ಲಿಗ್ನೋಕೇನ್ ನಾಲ್ಕೈದು ಮಿಲಿ. ಹೆಚ್ಚಾಗಿ ಭುಜದ ಹಿಂಬದಿಯಿಂದ, ಮೇಲಿನ ಮೂಳೆಯ ಅಂಚಿನ ಕೆಳಗೆ ಸೂಜಿ ಒಳಹೋಗುತ್ತದೆ. ಮೊನೆ ಸರಿಯಾದ ಜಾಗದಲ್ಲಿದ್ದರೆ ಔಷಧ ತಡೆಯಿಲ್ಲದೆ ಸಲೀಸಾಗಿ ಇಳಿಯುತ್ತದೆ. ಒತ್ತಿ ತಳ್ಳಬೇಕಾಗಿ ಬಂದರೆ ಮೊನೆ ಟೆಂಡನ್ನಿನೊಳಗೆ ಸಿಕ್ಕಿರಬಹುದು. ಸ್ವಲ್ಪ ಹಿಂದಕ್ಕೆ ಎಳೆಯಬೇಕೇ ಹೊರತು ಬಲ ಹಾಕಬಾರದು, ಸ್ಟೀರಾಯ್ಡ್ ಟೆಂಡನ್ನಿನ ನಾರನ್ನೇ ದುರ್ಬಲಗೊಳಿಸುತ್ತದೆ. ಅಲ್ಟ್ರಾಸೌಂಡ್ ನೋಡುತ್ತ ಕೊಟ್ಟರೆ ಈ ಊಹೆಯ ಕೆಲಸ ತಪ್ಪುತ್ತದೆ.

ಲಿಗ್ನೋಕೇನ್‌ನಿಂದ ಇನ್ನೊಂದು ಲಾಭವಿದೆ, ಅದನ್ನು ಬಹಳ ಜನ ಕೈಬಿಡುತ್ತಾರೆ. ಹತ್ತು ನಿಮಿಷ ಬಿಟ್ಟು ಕೈ ಎತ್ತಿ ನೋಡಿ. ನೋವು ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಮೂಲ ಅಲ್ಲೇ ಇದೆ ಎನ್ನಬಹುದು. ಒಂದಿಷ್ಟೂ ಇಳಿಯದಿದ್ದರೆ, ಔಷಧ ಸರಿಯಾದ ಜಾಗ ಸೇರಿದೆ ಎಂದಾದರೆ, ಕುತ್ತಿಗೆಯ ನರವನ್ನೋ ಕೊರಳೆಲುಬಿನ ತುದಿಯ ಕೀಲನ್ನೋ ಅನುಮಾನಿಸಬೇಕು. ಆಗ ಅದೇ ಜಾಗಕ್ಕೆ ಎರಡನೇ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮರಗಟ್ಟಿದ್ದು ಇಳಿದ ಮೇಲೆ ಒಂದೆರಡು ದಿನ ನೋವು ಜಾಸ್ತಿಯಾಗಬಹುದು, ಐಸ್ ಇಟ್ಟರೆ ಸಾಕು. ಸ್ಟೀರಾಯ್ಡ್‌ನ ಕೆಲಸ ಕೆಲವು ದಿನ ಬಿಟ್ಟು ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ, ಕೆಲವೊಮ್ಮೆ ಒಂದು ವಾರದವರೆಗೆ, ರಕ್ತದ ಸಕ್ಕರೆ ಏರುತ್ತದೆ, ಮೀಟರ್ ಕೈಯಲ್ಲಿರಲಿ. ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗುವುದು, ಕೊಬ್ಬು ಕರಗಿ ಗುಳಿ ಬೀಳುವುದೂ ಉಂಟು. ಎರಡು ಇಂಜೆಕ್ಷನ್ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಬೇಕು. ಎರಡು ಸಲ ಆದಮೇಲೂ ನೋವು ಮರಳಿದರೆ ಮೂರನೆಯದಕ್ಕೆ ನಾನು ಒಪ್ಪುವುದಿಲ್ಲ.

ಇದು ಎಷ್ಟು ಕಾಲ ಹಿಡಿಯುತ್ತದೆ? ಬ್ರಿಟನ್ನಿನಲ್ಲಿ 708 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ 'ಗ್ರಾಸ್ಪ್' ಅಧ್ಯಯನದಲ್ಲಿ, ಇಂಜೆಕ್ಷನ್ ಪಡೆದವರಿಗೆ ಎಂಟು ವಾರಕ್ಕೆ ಸ್ವಲ್ಪ ಹೆಚ್ಚು ಆರಾಮ ಸಿಕ್ಕಿತು. ಹನ್ನೆರಡು ತಿಂಗಳಿಗೆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಸಿಗುವುದು ಕೆಲವು ವಾರಗಳ ಬಿಡುವು. ಆ ಬಿಡುವಿನಲ್ಲಿ ವ್ಯಾಯಾಮ ಶುರುವಾಗದಿದ್ದರೆ ಚುಚ್ಚಿಸಿಕೊಂಡದ್ದು ದಂಡ.

ಪಿಆರ್‌ಪಿ ಎಂದರೆ ನಿಮ್ಮದೇ ರಕ್ತ 15ರಿಂದ 60 ಮಿಲಿ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಕೆಲವು ಮಿಲಿ ಪ್ಲಾಸ್ಮಾವನ್ನು ಟೆಂಡನ್ನಿನ ಹಾಳಾದ ಭಾಗಕ್ಕೇ ಕೊಡುವುದು. ಇದನ್ನು ಅಲ್ಟ್ರಾಸೌಂಡ್ ಇಲ್ಲದೆ ಮಾಡುತ್ತೇವೆ ಎಂದರೆ ಎದ್ದು ಬನ್ನಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವಾರ ಮೊದಲು ಮತ್ತು ಎರಡು ವಾರ ಆಮೇಲೆ ನಿಲ್ಲಿಸಲು ಹೇಳುತ್ತಾರೆ, ನೋವಾದರೆ ಪ್ಯಾರಾಸಿಟಮಾಲ್. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಮೊದಲ ವಾರ ನೋವು ಸ್ಟೀರಾಯ್ಡ್‌ಗಿಂತ ಹೆಚ್ಚು. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಪ್ಲೇಟ್‌ಲೆಟ್ ಎಷ್ಟು ಪಟ್ಟು, ಬಿಳಿ ರಕ್ತಕಣ ಉಳಿದಿದೆಯೇ ಎಂಬುದು ಕಿಟ್‌ನಿಂದ ಕಿಟ್‌ಗೆ ಬದಲಾಗುವುದೂ ಅದಕ್ಕೊಂದು ಕಾರಣ. ದುಬಾರಿಯಾದ್ದರಿಂದ ಇದು ಮೊದಲ ಆಯ್ಕೆ ಆಗಬಾರದು.

'ಸೂಜಿ ಚಿಕಿತ್ಸೆ' ಎಂಬ ಹೆಸರಲ್ಲಿ ಎರಡು ಬೇರೆ ಕೆಲಸಗಳಿವೆ. ಫಿಸಿಯೋ ಮಾಡುವ ಡ್ರೈ ನೀಡ್ಲಿಂಗ್ ಕೂದಲಿನಷ್ಟು ತೆಳುವಾದ ಸೂಜಿಯಿಂದ ಮಾಂಸಖಂಡದ ಬಿಗಿತ ಸಡಿಲಿಸಲು, ಟೆಂಡನ್ ರಿಪೇರಿಗಲ್ಲ. ಹೆಗಲ ಮೇಲೆ ತೀರಾ ಆಳಕ್ಕೆ ಹೋದರೆ ಶ್ವಾಸಕೋಶ ತೂತಾಗುವ ಅಪಾಯವಿದೆ, ಆದ್ದರಿಂದ ಚುಚ್ಚಿದ ಮೇಲೆ ಎದೆನೋವು, ಉಸಿರುಕಟ್ಟು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು ಟೆನಾಟಮಿ: ಮರಗಟ್ಟಿಸಿ, ದಪ್ಪ ಸೂಜಿಯಿಂದ ಹಾಳಾದ ನಾರಿನೊಳಗೆ ಹಲವಾರು ಸಲ ಹಾಯಿಸಿ, ಹೊಸದಾಗಿ ಗುಣವಾಗಲು ಪ್ರಚೋದಿಸುವುದು. ಹರಿದ ಭಾಗ ದೊಡ್ಡದಿದ್ದರೆ ಇದು ಬೇಡ.

ಕ್ಯಾಲ್ಸಿಯಂ ಇದ್ದರೆ ಮಾತ್ರ ಬಾರ್ಬೊಟಾಜ್. ಸೂಜಿಯಿಂದ ಉಪ್ಪುನೀರನ್ನು ಕ್ಯಾಲ್ಸಿಯಂ ಗಡ್ಡೆಯೊಳಗೆ ತಳ್ಳಿ ಹಿಂದಕ್ಕೆ ಎಳೆಯುತ್ತಾರೆ, ಹಾಲಿನಂತಹ ದ್ರವ ಹೊರಬರುತ್ತದೆ. ಕೊನೆಗೆ ಬರ್ಸಾಕ್ಕೆ ಸ್ಟೀರಾಯ್ಡ್, ಏಕೆಂದರೆ ಚೂರುಗಳು ಕೆರಳಿಸುತ್ತವೆ. ಮೆತ್ತಗಾದ ಗಡ್ಡೆ ಸುಲಭವಾಗಿ ಬರುತ್ತದೆ, ಗಟ್ಟಿಯಾದದ್ದು ಹಟ ಮಾಡುತ್ತದೆ. 2023ರಲ್ಲಿ ಬಂದ ನಾರ್ವೆ-ಸ್ವೀಡನ್ ಅಧ್ಯಯನದಲ್ಲಿ ನಾಲ್ಕು ತಿಂಗಳಿಗೆ ಇದು ನಕಲಿ ಚಿಕಿತ್ಸೆಗಿಂತ ಮೇಲಾಗಿ ಕಾಣಲಿಲ್ಲ ಎಂಬುದೂ ಗಮನದಲ್ಲಿರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ: ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಅಥವಾ ನೋವಿನಿಂದಾಗಿ ವ್ಯಾಯಾಮ ಮಾಡಲು ಆಗದಿದ್ದರೆ, ಅಲ್ಟ್ರಾಸೌಂಡ್ ನೆರವಿನಲ್ಲಿ ಒಂದು ಬರ್ಸಾ ಸ್ಟೀರಾಯ್ಡ್. ಎರಡು ದಿನ ಹಗುರ ಚಲನೆ, ಒಂದೆರಡು ವಾರ ಭಾರ ಎತ್ತದಿರುವುದು, ಆಮೇಲೆ ರಬ್ಬರ್ ಬ್ಯಾಂಡ್‌ನಿಂದ ನಿಧಾನಕ್ಕೆ ಬಲ ಹೆಚ್ಚಿಸುತ್ತ ಮೂರು ತಿಂಗಳು. ನೋವು ತಡೆಯುವಷ್ಟೇ ಇದ್ದರೆ ಸೂಜಿಯೇ ಬೇಡ, ವ್ಯಾಯಾಮದಿಂದಲೇ ಶುರು ಮಾಡಿ. ಮೂರು ತಿಂಗಳು ನಿಷ್ಠೆಯಿಂದ ಮಾಡಿಯೂ ಸುಧಾರಿಸದಿದ್ದರೆ ಪಿಆರ್‌ಪಿ ಅಥವಾ ಟೆನಾಟಮಿ ಬಗ್ಗೆ ಮಾತಾಡಿ. ರಕ್ತ ತೆಳುಗೊಳಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಯಾವುದಕ್ಕೂ ಮೊದಲೇ ಹೇಳಿ. ಚುಚ್ಚಿದ ಮೇಲೆ ಜ್ವರ, ಕೆಂಪಾಗುವುದು, ದಿನೇದಿನೇ ಏರುವ ನೋವು ಬಂದರೆ ಸೋಂಕೆಂದೇ ಭಾವಿಸಿ ಅಂದೇ ತೋರಿಸಿ. ಬಿದ್ದ ಪೆಟ್ಟಿನ ನಂತರ ಕೈ ಎತ್ತಲು ಶಕ್ತಿಯೇ ಇಲ್ಲವಾಗಿದ್ದರೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದು ಪೂರ್ತಿ ಹರಿದಿರಬಹುದು, ತಡಮಾಡದೆ ಮೂಳೆ ಶಸ್ತ್ರವೈದ್ಯರ ಬಳಿ ಹೋಗಬೇಕು.