ಪ್ರತಿಕ್ರಿಯೆ: ಹಾಲಿನ 5 ರೂಪಾಯಿ ಪ್ರೋತ್ಸಾಹಧನ ಯಾಕೆ ಬಂದಿಲ್ಲ?

ಆನೇಕಲ್ ಕಡೆ ಡೇರಿಗೆ ದಿನಾ ಹಾಲು ಹಾಕುತ್ತೀರಿ, ಬಟವಾಡೆ ಬರುತ್ತೆ, ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಮಾತ್ರ ಬಂದಿಲ್ಲ ಅಂತ ಕೇಳಿದ್ದೀರಿ. ಇವೆರಡೂ ಬೇರೆ ಬೇರೆ ದುಡ್ಡು. ಹಾಲಿನ ದರ ಕೊಡುವುದು ಬಮೂಲ್, ಅಂದರೆ ಬೆಂಗಳೂರು ಹಾಲು ಒಕ್ಕೂಟ. ಪ್ರೋತ್ಸಾಹಧನ ಸರ್ಕಾರದಿಂದ ನೇರವಾಗಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ. ಇಲ್ಲೇ ತುಂಬಾ ಜನ ಎಡವುವುದು. ನಿಮಗೆ ಎರಡು ಮೂರು ಖಾತೆ ಇದ್ದರೆ, ಎಲ್ಲಕ್ಕಿಂತ ಕೊನೆಗೆ ಆಧಾರ್ ಜೋಡಿಸಿದ ಖಾತೆಗೇ ದುಡ್ಡು ಹೋಗಿರುತ್ತೆ. ಹಳೇ ಪಾಸ್‌ಬುಕ್ ನೋಡಿ ಸುಮ್ನೆ ಕಾಯಬೇಡಿ. ಬ್ಯಾಂಕಿನಲ್ಲಿ ಯಾವ ಖಾತೆ ಅಂತ ಕೇಳಿ, ಆಮೇಲೆ ಸಂಘದ ಕಾರ್ಯದರ್ಶಿ ಹತ್ತಿರ ನಿಮ್ಮ ಹೆಸರು, ಆಧಾರ್ ಸರಿ ಇದೆಯಾ ನೋಡಿಸಿ.

ಮನೆಮನೆಗೆ, ಹೋಟೆಲಿಗೆ ಮಾರುವ ಹಾಲಿಗೆ ಇದು ಸಿಗಲ್ಲ. 2008ರಲ್ಲಿ 2 ರೂಪಾಯಿಯಿಂದ ಶುರುವಾದಾಗಲೂ ಸಹಕಾರ ಸಂಘಕ್ಕೆ ಹಾಕುವ ಹಾಲಿಗಷ್ಟೇ. ಇನ್ನು, ಎಲ್ಲರಿಗೂ ತಡವಾಗಿದ್ದರೆ ಅದು ಸರ್ಕಾರದ ಬಾಕಿ. ಹಿಂಡಿ ಬೆಲೆ ಹೀಗಿರುವಾಗ ಆ ಬಾಕಿ ಅನ್ಯಾಯವೇ. ಸಂಘದ ಸಭೆಯಲ್ಲಿ ಜೋರಾಗಿ ಕೇಳಿ.