ಪ್ರತಿಕ್ರಿಯೆ: ‘ಪಟಾಲಂ’ ಎಲ್ಲಿಂದ ಬಂತು?

‘ಪಟಾಲಂ ಕಟ್ಟಿಕೊಂಡು ಬಂದ’ ಅಂತಾರಲ್ಲ, ಆ ಪದ ಎಲ್ಲಿಯದು ಅಂತ ಕೇಳಿದ್ದೀರಿ. ಅದು ಮೂಲದಲ್ಲಿ ಸೈನ್ಯದ ಮಾತು. ಯುರೋಪಿನವರ ‘ಬೆಟಾಲಿಯನ್’ ತಮಿಳಿನಲ್ಲಿ ‘ಪಟ್ಟಾಳಂ’ ಆಯಿತು, ಹಿಂದಿಯಲ್ಲಿ ‘ಪಲ್ಟನ್’. ನಮ್ಮಲ್ಲಿ ಪಟಾಲಂ. ಬಂದೂಕು ಹೋಯಿತು, ಹಿಂದೆ ಸುತ್ತುವ ಹುಡುಗರು ಉಳಿದರು! ಆದರೆ ಗಮನಿಸಿ, ‘ನನ್ನ ಪಟಾಲಂ’ ಅನ್ನುವವರು ಕಡಿಮೆ. ಜಾಸ್ತಿ ಬೇರೆಯವರ ಗುಂಪನ್ನು ಆಡಿಕೊಳ್ಳಲು ಬಳಸುತ್ತಾರೆ, ಅಲ್ವಾ? ನಮ್ಮವರಾದರೆ ‘ಬಳಗ’.

‘ದಂಡು’ ಕೂಡ ಹೀಗೇ ಸೈನ್ಯದ ಮಾತು. ಬೆಂಗಳೂರಿನ ಕಂಟೋನ್ಮೆಂಟಿಗೆ ದಂಡು ಅಂತಲೇ ಹೆಸರು. ಮದುವೆಗೆ ನೆಂಟರು ಜಾಸ್ತಿ ಬಂದರೂ ದಂಡೇ.

‘ಗ್ಯಾಂಗ್’ ಕಥೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬರೀ ‘ನಡಿಗೆ’. ಆಮೇಲೆ ಕೂಡಿ ದುಡಿಯುವ ಕೂಲಿಗಳ ತಂಡ. ರೈಲ್ವೆ ಗ್ಯಾಂಗ್‌ಮನ್ ಅನ್ನುವಾಗ ಇವತ್ತಿಗೂ ಆ ಅರ್ಥವೇ ಇದೆ, ಪಾಪ, ಅವರೇನು ರೌಡಿಗಳಲ್ಲ.